ಐದಡಿ ಎಂಟಂಗುಲದ ಲೆಕ್ಕ

ಮಾರ್ಕ್ವಿಸ್ ನೋವೆಲ್ ಹೆಸರೆತ್ತಿದರೆ ಬಾಸ್ಕೆಟ್‌ಬಾಲ್ ಬಲ್ಲವರು ಮೊದಲು ಹೇಳುವುದು ಒಂದೇ ಅಂಕಿ: 19. 2023ರ ಮಾರ್ಚ್ 23ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಮಿಷಿಗನ್ ಸ್ಟೇಟ್ ವಿರುದ್ಧ, ಕಾನ್ಸಸ್ ಸ್ಟೇಟ್ ತಂಡದ ಈ ಹುಡುಗ 19 ಅಸಿಸ್ಟ್ ಕೊಟ್ಟ. ಅಂದರೆ ಆತ ಕೊಟ್ಟ ಪಾಸಿನಿಂದ ನೇರವಾಗಿ ಜೊತೆಯವರು ಹತ್ತೊಂಬತ್ತು ಸಲ ಬಾಸ್ಕೆಟ್ ಹಾಕಿದರು. ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯಲ್ಲಿ ಅದುವರೆಗಿನ ದಾಖಲೆ 18. ಅದನ್ನು 1987ರಲ್ಲಿ ಲಾಸ್ ವೇಗಸ್‌ನ ನೆವಾಡಾ ವಿಶ್ವವಿದ್ಯಾಲಯದ ಮಾರ್ಕ್ ವೇಡ್ ಮಾಡಿದ್ದ. ನೋವೆಲ್ ಅವತ್ತು 20 ಪಾಯಿಂಟ್ ಹೊಡೆದ, ಐದು ಸಲ ಎದುರಾಳಿಯ ಚೆಂಡನ್ನೂ ಕಸಿದ. ಆತನ ಎತ್ತರ ಐದಡಿ ಎಂಟಂಗುಲ.

ಮೂರು ತಿಂಗಳಾದ ಮೇಲೆ ವೃತ್ತಿಪರ ಲೀಗ್ ಆದ ಎನ್‌ಬಿಎಯ ತಂಡಗಳು, ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ, 58 ಜನರನ್ನು ಆರಿಸಿಕೊಂಡವು. ಆ ಪಟ್ಟಿಯಲ್ಲಿ ನೋವೆಲ್ ಇರಲಿಲ್ಲ. ಆತನ ಪಾಸ್ ಹಿಡಿದು ಡಂಕ್ ಮಾಡುತ್ತಿದ್ದ ಆರಡಿ ಆರಂಗುಲದ ಕೀಯಾಂಟೆ ಜಾನ್ಸನ್ 50ನೆಯವನಾಗಿ ಒಕ್ಲಹೋಮಾ ಸಿಟಿ ಪಾಲಾದ.

“ಅತ್ತಿ, ಇಷ್ಟ್ ಛಲೋ ಆಡ್ತಾನ. ಅವನ್ನ ಯಾಕ ಯಾರೂ ತಗೊಳ್ಳಿಲ್ಲ?” ಎಂದು ಹುಬ್ಬಳ್ಳಿಯಿಂದ ನನ್ನ ತಮ್ಮನ ಮಗಳು ಫೋನಿನಲ್ಲಿ ಕೇಳಿದಳು. ಅವಳು ತನ್ನ ಕಾಲೇಜು ತಂಡದ ಪಾಯಿಂಟ್ ಗಾರ್ಡ್. ಎತ್ತರ ಐದಡಿ ಒಂದಂಗುಲ. ಆ ವಾರವಷ್ಟೇ ಒಂದು ಆಯ್ಕೆ ಶಿಬಿರಕ್ಕೆ ಹೋಗಿ ಬಂದಿದ್ದಳು. ಅಲ್ಲಿ ಹುಡುಗಿಯರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಗಿಡ್ಡ ತುದಿಯಲ್ಲಿದ್ದವರನ್ನು ಊಟದ ಹೊತ್ತಿಗೆ ಮನೆಗೆ ಕಳಿಸಿದರಂತೆ. ಅವರ ಕೈಗೆ ಯಾರೂ ಚೆಂಡನ್ನೂ ಕೊಟ್ಟು ನೋಡಲಿಲ್ಲ. ಹಾಗಾಗಿ ಪ್ರಶ್ನೆ ಬರೀ ನೋವೆಲ್‌ನದ್ದಲ್ಲ ಎಂದು ನನಗೂ ಗೊತ್ತಿತ್ತು.

ಉತ್ತರ ಹೇಳಲು ನನಗೇನು ಹಕ್ಕು ಎಂದರೆ, ನಾನು ಇರುವುದು ಕಾನ್ಸಸ್ ರಾಜ್ಯದ ಮ್ಯಾನ್‌ಹಟನ್‌ನಲ್ಲಿ, ನೋವೆಲ್ ಆಡಿದ ಊರಿನಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಗೋಧಿ ತಳಿ ಅಭಿವೃದ್ಧಿ ಓದಿ ಇಲ್ಲಿಗೆ ಅದೇ ಕೆಲಸಕ್ಕೆ ಬಂದವಳು. ಧಾರವಾಡದ ಸಿಮೆಂಟ್ ಕೋರ್ಟಿನಲ್ಲಿ ನಾನೂ ಪಾಯಿಂಟ್ ಗಾರ್ಡೇ. “ಏ ಗಿಡ್ಡೀ, ಬಾಲ್ ಕೊಡs” ಎಂಬ ಕೂಗಿಗೆ ಇವತ್ತಿಗೂ ತಿರುಗಿ ನೋಡುತ್ತೇನೆ. 2022–23ರ ಹಂಗಾಮಿನಲ್ಲಿ ಇಲ್ಲಿಯ ಬ್ರಾಮ್ಲೇಜ್ ಕೊಲಿಸಿಯಂನ ಮೇಲಿನ ಸಾಲುಗಳಲ್ಲಿ ಕೂತು ಆತನ ಆಟ ನೋಡಿದ್ದೇನೆ. ಮೇಲಿನ ಸಾಲು ಅಗ್ಗ, ಅದಿರಲಿ. ಪಾಯಿಂಟ್ ಗಾರ್ಡನ್ನು ನೋಡಲು ಅದೇ ಸರಿಯಾದ ಜಾಗ ಕೂಡ, ಹತ್ತೂ ಜನ ಎಲ್ಲಿದ್ದಾರೆಂದು ಒಟ್ಟಿಗೆ ಕಾಣುತ್ತದೆ.

ನೋವೆಲ್ ಹುಟ್ಟಿ ಬೆಳೆದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಅಂದರೆ ಆ ದೊಡ್ಡ ಮ್ಯಾನ್‌ಹಟನ್‌ನಲ್ಲಿ. ದೊಡ್ಡ ಕಾಲೇಜುಗಳು ಕರೆಯಲಿಲ್ಲ. ಮೊದಲು ಆರ್ಕನ್ಸಾದ ಲಿಟಲ್ ರಾಕ್‌ಗೆ ಹೋದ, 2020ರಲ್ಲಿ ಸನ್ ಬೆಲ್ಟ್ ಎಂಬ ಆ ವಲಯದ ವರ್ಷದ ಆಟಗಾರನಾದ, ಆಮೇಲೆ ಇಲ್ಲಿಗೆ ಬಂದ. 2022ರಲ್ಲಿ ಹೊಸ ಕೋಚ್ ಜೆರೋಮ್ ಟ್ಯಾಂಗ್ ಬಂದಾಗ ತಂಡದಲ್ಲಿ ಉಳಿದವರೇ ಕಡಿಮೆ. ಬಿಗ್ 12 ವಲಯದ ಹತ್ತು ತಂಡಗಳಲ್ಲಿ ಕಾನ್ಸಸ್ ಸ್ಟೇಟ್ ಹತ್ತನೆಯದಾಗುತ್ತದೆ ಎಂದು ಹಂಗಾಮಿಗೆ ಮೊದಲೇ ಅಂದಾಜು ಮಾಡಿದ್ದರು. ಆ ತಂಡ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರವರೆಗೆ ಹೋಯಿತು.

ಬಾಸ್ಕೆಟ್‌ಬಾಲ್ ಅಷ್ಟಾಗಿ ನೋಡದವರಿಗೆ ಒಂದು ಮಾತು. ಪಾಯಿಂಟ್ ಗಾರ್ಡ್ ಎಂದರೆ ಚೆಂಡನ್ನು ತನ್ನ ಕಡೆಯ ಅರ್ಧದಿಂದ ಎದುರಾಳಿಯ ಕಡೆಗೆ ತರುವವನು, ಯಾವ ಆಟ ಆಡಬೇಕೆಂದು ಕೂಗಿ ಹೇಳುವವನು, ಯಾರ ಕೈಗೆ ಯಾವಾಗ ಚೆಂಡು ಸೇರಬೇಕೆಂದು ನಿರ್ಧರಿಸುವವನು. ನಮ್ಮ ಕಡೆ ಪ್ಲೇಮೇಕರ್ ಅನ್ನುವುದೂ ಇವನನ್ನೇ. ಐವರಲ್ಲಿ ಗಿಡ್ಡನಿಗೆ ಜಾಗವಿದ್ದರೆ ಇದೊಂದೇ. ಎನ್‌ಬಿಎಯಲ್ಲಿ ಐದಡಿ ಮೂರಂಗುಲದ ಮಗ್ಸಿ ಬೋಗ್ಸ್ 14 ವರ್ಷ ಆಡಿದ್ದೂ ಇದೇ ಜಾಗದಲ್ಲಿ.

“ಗಿಡ್ಡನಾದರೂ ಚೆನ್ನಾಗಿ ಆಡುತ್ತಾನೆ” ಎಂಬ ಹೊಗಳಿಕೆ ನನಗೆ ಎಂದೂ ಹಿಡಿಸಿಲ್ಲ. ಅದರಿಂದ ಏನೂ ತಿಳಿಯುವುದಿಲ್ಲ. ಎತ್ತರ ಕಡಿಮೆಯಾದರೆ ಆಟದ ಎಲ್ಲ ಭಾಗವೂ ಒಂದೇ ಸಮ ಕುಗ್ಗುವುದಿಲ್ಲ. ಕೆಲವು ಕಡೆ ಭಾರೀ ತೊಂದರೆ, ಕೆಲವು ಕಡೆ ಏನೂ ಇಲ್ಲ, ಒಂದೆರಡು ಕಡೆ ಲಾಭವೇ. ಡ್ರಿಬಲ್ ಮಾಡುವಾಗ ಚೆಂಡು ನೆಲದಿಂದ ಕೈಗೆ ಬರುವ ದಾರಿ ಗಿಡ್ಡನಿಗೆ ಚಿಕ್ಕದು, ಹಾಗಾಗಿ ಕಸಿಯುವುದು ಕಷ್ಟ. ಅವನನ್ನು ಅಳೆಯುವವರು ಕೇಳಬೇಕಾದ್ದು ತೊಂದರೆ ಎಲ್ಲೆಲ್ಲಿ ಬರುತ್ತದೆ, ಅಲ್ಲಲ್ಲಿ ಈತ ಏನು ಉಪಾಯ ಮಾಡಿಕೊಂಡಿದ್ದಾನೆ ಎಂದು.

ಪಾಸಿನಿಂದ ಶುರು ಮಾಡೋಣ. ಆರಡಿ ಆರಂಗುಲದ ಗಾರ್ಡ್ ಎದುರಾಳಿಯ ತಲೆಯ ಮೇಲಿಂದ ನೋಡುತ್ತಾನೆ, ಅಲ್ಲಿಂದಲೇ ಪಾಸ್ ಕೊಡುತ್ತಾನೆ. ಐದಡಿ ಎಂಟಂಗುಲದವನ ಮುಂದೆ ಇಬ್ಬರು ಕೈ ಎತ್ತಿ ನಿಂತರೆ ಅವನಿಗೆ ಕಾಣುವುದು ಅವರ ಬನಿಯನ್ನು ಮಾತ್ರ. ಆಗ ಉಳಿಯುವ ಸಂದುಗಳು ಕಿವಿಯ ಪಕ್ಕದ್ದು, ಕಂಕುಳ ಕೆಳಗಿನದು, ಕಾಲುಗಳ ನಡುವಿನದು. ಅವು ತೆರೆದಿರುವುದು ಕ್ಷಣಕಾಲ. ಎರಡು ಕೈಯಲ್ಲಿ ಚೆಂಡು ಹಿಡಿದು, ನಿಂತು, ನೋಡಿ ಕೊಡುತ್ತೇನೆ ಎಂದರೆ ಸಂದು ಮುಚ್ಚಿರುತ್ತದೆ. ನೋವೆಲ್ ಚೆಂಡನ್ನು ಹಿಡಿಯುತ್ತಲೇ ಇರಲಿಲ್ಲ. ಡ್ರಿಬಲ್‌ನಿಂದ ಎದ್ದ ಚೆಂಡು ಅದೇ ಕೈಯಿಂದ, ಅದೇ ಓಟದಲ್ಲಿ, ಪಾಸಾಗಿ ಹೋಗುತ್ತಿತ್ತು. ಎಡಗೈಯಲ್ಲೂ ಅಷ್ಟೇ ಸಲೀಸು. ಮೇಲಿನ ಸಾಲಿನಿಂದ ನೋಡಿದರೆ ಇನ್ನೊಂದು ಗೊತ್ತಾಗುತ್ತಿತ್ತು: ಪಾಸ್ ಕೈ ಬಿಡುವಾಗ ಹಿಡಿಯಬೇಕಾದವನು ಇನ್ನೂ ಖಾಲಿ ಜಾಗಕ್ಕೆ ಬಂದಿರುತ್ತಲೇ ಇರಲಿಲ್ಲ. ಚೆಂಡೂ ಅವನೂ ಒಟ್ಟಿಗೆ ಅಲ್ಲಿಗೆ ತಲುಪುತ್ತಿದ್ದರು.

ಇನ್ನೊಂದು ಉಪಾಯ ಕಣ್ಣಿನದು. ಮಿಷಿಗನ್ ಸ್ಟೇಟ್ ಪಂದ್ಯದ ಹೆಚ್ಚುವರಿ ಅವಧಿ. 92–92 ಸಮ, ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ. ದ್ವಿತೀಯಾರ್ಧದಲ್ಲಿ ಕಾಲು ಉಳುಕಿಸಿಕೊಂಡು ಹೊರಗೆ ಹೋಗಿ ಮತ್ತೆ ಬಂದಿದ್ದ ನೋವೆಲ್ ಚೆಂಡು ತಂದು, ಬೆಂಚಿನ ಕಡೆ ಮುಖ ಮಾಡಿ, ಕೋಚ್ ಟ್ಯಾಂಗ್ ಜೊತೆ ವಾದಕ್ಕಿಳಿದವನಂತೆ ಕಂಡ. ಇವರಿಬ್ಬರಿಗೆ ಏನೋ ಜಗಳ ಎಂದು ಎದುರಾಳಿಗಳಿಗೆ ಅನಿಸಿದ್ದರೆ ತಪ್ಪಿಲ್ಲ. ಅಷ್ಟರಲ್ಲಿ ಚೆಂಡು ರಿಂಗಿನ ಹತ್ತಿರ ಗಾಳಿಯಲ್ಲಿತ್ತು. ಬೇಸ್‌ಲೈನ್ ಕಡೆಯಿಂದ ನುಗ್ಗಿದ ಜಾನ್ಸನ್ ಅದನ್ನು ಹಿಡಿದು ಬೆನ್ನು ತಿರುಗಿಸಿಯೇ ಒಳಕ್ಕೆ ಬಡಿದ. ಅದು ಹದಿನೆಂಟನೆಯ ಅಸಿಸ್ಟ್. 15 ಸೆಕೆಂಡ್ ಉಳಿದಾಗ ಇಸ್ಮಾಯಿಲ್ ಮಸೂದ್‌ಗೆ ಕೊಟ್ಟದ್ದು ಹತ್ತೊಂಬತ್ತನೆಯದು. ಕೊನೆಗೆ ತಾನೇ ಚೆಂಡು ಕಸಿದು ಓಡಿ, ರಿಂಗಿನ ಹತ್ತಿರದಿಂದಲೇ ಮೆಲ್ಲನೆ ಒಳಗಿಡುವ ಲೇ-ಅಪ್ ಹಾಕಿದ. 98–93.

ಇಷ್ಟು ಹೇಳಿಯೂ ನನ್ನ ಅಭಿಪ್ರಾಯ ಇದು: ಆಟಗಾರನನ್ನು ಅಳೆಯಲು ಆ 19 ಹೆಚ್ಚೇನೂ ನೆರವಾಗುವುದಿಲ್ಲ. ಪಾಸ್ ಹಿಡಿದವನು ಬಾಸ್ಕೆಟ್ ಹಾಕಿದರೆ ಮಾತ್ರ ಅಸಿಸ್ಟ್ ಬರುತ್ತದೆ. ಅಷ್ಟೇ ಚೆಂದದ ಪಾಸ್ ಹಿಡಿದವನು ತಪ್ಪಿಸಿದರೆ ಲೆಕ್ಕದ ಹಾಳೆಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ವೃತ್ತಿಪರರು ಎಸೆತಕ್ಕೆ ದಾರಿ ಮಾಡಿದ ಪಾಸುಗಳನ್ನೆಲ್ಲ ಎಣಿಸುತ್ತಾರೆ, ಚೆಂಡು ಒಳಕ್ಕೆ ಹೋಗಲಿ ಬಿಡಲಿ. ನಾನು ಅದಕ್ಕಿಂತ ಹೆಚ್ಚು ನೋಡುವುದು ಚೆಂಡು ಕಳೆದುಕೊಂಡ ಬಗೆಯನ್ನು. ಪಾಸ್ ಗೆರೆ ದಾಟಿ ಹೊರಗೆ ಹೋದರೆ ನಷ್ಟ ಒಂದು ಸರದಿ, ಅಷ್ಟೆ. ಎಲ್ಲರೂ ಹಿಂದಕ್ಕೆ ಬಂದು ನಿಲ್ಲಲು ಸಮಯವಿರುತ್ತದೆ. ಎದುರಾಳಿಯ ಕೈಗೇ ಹೋದರೆ ಅವನು ಓಡಿ ಎರಡು ಪಾಯಿಂಟ್ ಹಾಕುತ್ತಾನೆ. ಗಿಡ್ಡ ಗಾರ್ಡ್‌ಗಳು ಎತ್ತರದವರ ಮೇಲಿಂದ ತೇಲಿಸಿ ಕೊಡಲು ಹೋಗಿ ಕಳೆದುಕೊಳ್ಳುವುದು ಎರಡನೆಯ ಬಗೆಯಲ್ಲಿ. ಅಸಿಸ್ಟ್ ಹತ್ತಿದ್ದು ಇಂಥ ತಪ್ಪು ಆರಿದ್ದರೆ ಅಂಥವನನ್ನು ನಾನು ನಂಬುವುದಿಲ್ಲ.

ಆ 19ಕ್ಕಿಂತ ನನಗೆ ಅದೇ ಹಂಗಾಮಿನ ಜನವರಿಯ ಪಂದ್ಯಗಳು ಹೆಚ್ಚು ತಿಳಿಸಿದವು. ಜನವರಿ 3ರಂದು ಟೆಕ್ಸಾಸ್ ಅಂಗಣದಲ್ಲಿ 116–103, ನೋವೆಲ್ 36 ಪಾಯಿಂಟ್. ನಾಲ್ಕು ದಿನ ಬಿಟ್ಟು ಬೇಯ್ಲರ್ ಅಂಗಣದಲ್ಲಿ 97–95, ಹೆಚ್ಚುವರಿ ಅವಧಿ, 32 ಪಾಯಿಂಟ್, 14 ಅಸಿಸ್ಟ್. ಎರಡೂ ಪರಸ್ಥಳ, ಎರಡೂ ಬಲಿಷ್ಠ ತಂಡ. ಟೆಕ್ಸಾಸ್ ಪಂದ್ಯದ ಸುದ್ದಿ ಬೇಯ್ಲರ್‌ಗೆ ಗೊತ್ತಿತ್ತು, ತಯಾರಿಗೆ ಸಮಯವೂ ಇತ್ತು. ತಯಾರಾಗಿ ಬಂದವರ ಎದುರೂ ಮತ್ತೆ ಅದೇ ಕೆಲಸ ಮಾಡಿದನಲ್ಲ, ಅದಕ್ಕೆ ಬೆಲೆ.

ಇನ್ನು ಸ್ವಂತ ಬಾಸ್ಕೆಟ್. ರಿಂಗ್ ಹತ್ತಡಿ ಎತ್ತರದಲ್ಲಿರುತ್ತದೆ, ಅದರ ಕೆಳಗೆ ಏಳಡಿಯವನೊಬ್ಬ ಕೈ ಎತ್ತಿ ಕಾಯುತ್ತಿರುತ್ತಾನೆ. ಗಿಡ್ಡನಿಗೆ ಅತಿ ದೊಡ್ಡ ತೊಂದರೆ ಇಲ್ಲಿ. ಉಪಾಯಗಳು ಹಳೆಯವೇ. ದೊಡ್ಡವನು ತಲುಪುವ ಮೊದಲೇ ಐದಾರು ಅಡಿ ದೂರದಿಂದ ಚೆಂಡನ್ನು ಮೆತ್ತಗೆ ಮೇಲಕ್ಕೆ ತೇಲಿಸುವ ಫ್ಲೋಟರ್. ರಿಂಗಿನ ಆಚೆ ಬದಿಗೆ ಹೋಗಿ ರಿಂಗನ್ನೇ ಅಡ್ಡ ಮಾಡಿಕೊಂಡು ಹಾಕುವ ಲೇ-ಅಪ್. ಎಲ್ಲರೂ ನಿರೀಕ್ಷಿಸುವ ಕಾಲಿನಿಂದ ನೆಗೆಯದೆ ಇನ್ನೊಂದರಿಂದ ನೆಗೆಯುವುದು. ಗಕ್ಕನೆ ನಿಂತು ಹಾರಿದವನನ್ನು ಮೈಮೇಲೆ ಬೀಳಿಸಿಕೊಂಡು ಫೌಲ್ ಗಿಟ್ಟಿಸುವುದು. ನೋವೆಲ್‌ಗೆ ಇವೆಲ್ಲ ಬರುತ್ತಿದ್ದವು. ಆದರೂ ಒಳಗೆ ನುಗ್ಗಿ ತಪ್ಪಿಸಿದ್ದು ಕಡಿಮೆಯೇನಲ್ಲ, ಮರಗಳ ನಡುವೆ ಹೋದಂತೆ ಚೆಂಡು ಎಲ್ಲೋ ತಾಗುತ್ತಿತ್ತು. ಅದಕ್ಕೇ ಆತ ದೂರದಿಂದ ಹೊಡೆಯುತ್ತಿದ್ದ. ಕಾಲೇಜಿನ ಮೂರು ಪಾಯಿಂಟ್ ಗೆರೆ ರಿಂಗಿನಿಂದ ಸುಮಾರು 22 ಅಡಿ, ಎನ್‌ಬಿಎಯದ್ದು ಎದುರಿನಿಂದ 23 ಅಡಿ 9 ಅಂಗುಲ. ನೋವೆಲ್ ಅದಕ್ಕೂ ಹಿಂದೆ ನಿಂತು ಎಸೆಯುತ್ತಿದ್ದ. ನೋಡುವವರಿಗೆ ಅದು ಮೆರೆದಾಟದಂತೆ ಕಂಡೀತು. ಆದರೆ ಅಷ್ಟು ದೂರದಿಂದ ಹಾಕಬಲ್ಲವನ ಹತ್ತಿರಕ್ಕೆ ಕಾವಲಿನವನು ಬರಲೇಬೇಕು, ಬಂದರೆ ಅವನ ಹಿಂದೆ ಪಾಸಿಗೆ ಜಾಗವಾಗುತ್ತದೆ.

ಎಸೆಯುವ ಕೈ ನಿಜವಾಗಿ ಒಳ್ಳೆಯದೇ ಎಂದು ತಿಳಿಯಲು ಸ್ಕೌಟ್‌ಗಳು, ಅಂದರೆ ತಂಡಗಳಿಗಾಗಿ ಆಟಗಾರರನ್ನು ನೋಡಿ ಅಳೆಯುವವರು, ಒಂದು ಸಾದಾ ಅಂಕಿ ನೋಡುತ್ತಾರೆ: ಫೌಲ್ ಆದಾಗ ಸಿಗುವ ಫ್ರೀ ಥ್ರೋ. ಅಡ್ಡ ಯಾರೂ ಇಲ್ಲ, ದೂರ ಬದಲಾಗುವುದಿಲ್ಲ, ಎತ್ತರದ ಮಾತೇ ಬರುವುದಿಲ್ಲ. ಕಾಲೇಜಿನ ಮೂರು ಪಾಯಿಂಟ್ ಎಸೆತಗಳ ಲೆಕ್ಕ ಒಂದು ವರ್ಷ ಏರಿ ಒಂದು ವರ್ಷ ಇಳಿಯುತ್ತದೆ, ಫ್ರೀ ಥ್ರೋ ಲೆಕ್ಕ ಅಷ್ಟು ಬೇಗ ಸುಳ್ಳು ಹೇಳುವುದಿಲ್ಲ. ನೋವೆಲ್ ಆ ಗೆರೆಯಲ್ಲಿ ನಿಂತರೆ ತಪ್ಪಿಸುತ್ತಿದ್ದುದು ಅಪರೂಪ.

ಇಲ್ಲಿಯವರೆಗೆ ಎಲ್ಲ ಆತನ ಪರವಾಗಿದೆ. ಹಾಗಾದರೆ ಏಕೆ ಬಿಟ್ಟರು?

ರಕ್ಷಣೆಯ ಕಾರಣಕ್ಕೆ. ಚೆಂಡು ಹಿಡಿದವನನ್ನು ಕಾಡುವುದರಲ್ಲಿ ನೋವೆಲ್ ನಿಜಕ್ಕೂ ನಿಪುಣ, ಕೆಳಗಿನಿಂದ ಕೈ ಹಾಕಿ ಕಸಿಯುತ್ತಿದ್ದ. ಆದರೆ ಈಗಿನ ಎನ್‌ಬಿಎ ಆಟದ ಕ್ರಮ ಹೀಗಿದೆ: ಎದುರು ತಂಡದಲ್ಲಿ ಅತಿ ಗಿಡ್ಡನು ಯಾರನ್ನು ಕಾಯುತ್ತಿದ್ದಾನೆ ನೋಡು, ನಿನ್ನ ಕಡೆಯ ಆ ಆಟಗಾರನನ್ನೇ ಕರೆಸಿ ಸ್ಕ್ರೀನ್ ಹಾಕಿಸು, ಅಂದರೆ ಚೆಂಡು ಹಿಡಿದವನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲಿಸು. ಕಾವಲಿನವರು ಅದಲು ಬದಲಾಗಲೇಬೇಕಾಗುತ್ತದೆ. ಈಗ ಗಿಡ್ಡನ ಎದುರು ತಂಡದ ಅತಿ ದೊಡ್ಡ ಎಸೆತಗಾರ ನಿಂತಿದ್ದಾನೆ. ಅವನು ಚಾಣಾಕ್ಷತನ ತೋರಿಸುವ ಅಗತ್ಯವಿಲ್ಲ, ಮೇಲಿಂದ ಎಸೆದರೆ ಸಾಕು. ಒಮ್ಮೆ ಆಗಲಿಲ್ಲವೆಂದರೆ ಮತ್ತೊಮ್ಮೆ ಕರೆಸುತ್ತಾರೆ. 24 ಸೆಕೆಂಡಿನಲ್ಲಿ ಇದನ್ನು ಎರಡು ಸಲ ಮಾಡಬಹುದು, 48 ನಿಮಿಷದಲ್ಲಿ ಎಷ್ಟು ಸಲ ಎಂದು ನೀವೇ ನೋಡಿ.

ಕಾಲೇಜಿನಲ್ಲಿ ಇದು ಅಷ್ಟು ಬಾಧಿಸುವುದಿಲ್ಲ. ಅದಕ್ಕೆ ಒಂದು ನಿಯಮವೂ ಕಾರಣ, ಟೀವಿಯಲ್ಲಿ ಅದರ ಬಗ್ಗೆ ಮಾತು ಕಡಿಮೆ. ಎನ್‌ಬಿಎಯಲ್ಲಿ ರಕ್ಷಣೆಯವನು ತನ್ನ ಎದುರಾಳಿಯ ಹತ್ತಿರವಿಲ್ಲದೆ ರಿಂಗಿನ ಮುಂದಿನ ಬಣ್ಣದ ಪಟ್ಟಿಯಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಕಾಲೇಜು ಆಟದಲ್ಲಿ ಈ ನಿಯಮ ಇಲ್ಲ. ಅಲ್ಲಿ ತಂಡದ ದೊಡ್ಡವನು ರಿಂಗಿನ ಕೆಳಗೇ ನಿಂತುಬಿಡಬಹುದು, ಗಿಡ್ಡ ಗಾರ್ಡ್ ಮುಂದೆ ಮೈಮೇಲೆ ಬಿದ್ದು ಆಡಿ ತಪ್ಪಿಸಿಕೊಂಡರೂ ಹಿಂದೆ ಕಾಯುವವರಿದ್ದಾರೆ. ನೋವೆಲ್ ಅಷ್ಟು ಧೈರ್ಯವಾಗಿ ಚೆಂಡಿನ ಮೇಲೆ ಬೀಳುತ್ತಿದ್ದುದರ ಹಿಂದೆ ಈ ಭರವಸೆಯೂ ಇತ್ತು. ಎನ್‌ಬಿಎಗೆ ಹೋದರೆ ಆ ಭರವಸೆ ಅರ್ಧಕ್ಕರ್ಧ ಹೋಗುತ್ತದೆ.

ಆತನ ತೀರ್ಮಾನವನ್ನೂ ಜನ ಪ್ರಶ್ನಿಸಿದರು. ಮಿಷಿಗನ್ ಸ್ಟೇಟ್ ಪಂದ್ಯವಾಗಿ ಎರಡು ದಿನದ ನಂತರದ ಫ್ಲೋರಿಡಾ ಅಟ್ಲಾಂಟಿಕ್ ಪಂದ್ಯದಲ್ಲಿ ನೋವೆಲ್ 30 ಪಾಯಿಂಟ್, 12 ಅಸಿಸ್ಟ್ ಮಾಡಿ 5 ಸಲ ಚೆಂಡು ಕಸಿದರೂ ತಂಡ 79–76ರಲ್ಲಿ ಸೋತಿತು. ಕೊನೆಯ ಸೆಕೆಂಡುಗಳಲ್ಲಿ ಮೂರು ಪಾಯಿಂಟ್ ಹಿಂದಿದ್ದಾಗ ಆತ ತಾನು ಎಸೆಯದೆ ಮಸೂದ್‌ಗೆ ಕೊಟ್ಟ. ಎದುರಾಳಿ ಕೈ ಹಾಕಿದ, ಎಸೆತವೇ ಆಗಲಿಲ್ಲ. ತಾನೇ ಎಸೆಯಬೇಕಿತ್ತು ಎಂದು ಊರೆಲ್ಲ ವಾರಗಟ್ಟಲೆ ಆಡಿಕೊಂಡಿತು, ನಮ್ಮ ಪ್ರಯೋಗಾಲಯದಲ್ಲಿ ಬೀಜ ಎಣಿಸುವವರೂ ಸೇರಿ. ನಾನು ಒಪ್ಪಲಿಲ್ಲ. ಎಲ್ಲರ ಕಣ್ಣೂ ತನ್ನ ಮೇಲಿರುವಾಗ, ತನಗಿಂತ ಬಹಳ ಎತ್ತರದ ಒಳ್ಳೆಯ ಎಸೆತಗಾರ ಪಕ್ಕದಲ್ಲಿರುವಾಗ, ಪಾಯಿಂಟ್ ಗಾರ್ಡ್ ಆದವನು ಕೊಡಬೇಕಾದ ಪಾಸ್ ಅದೇ. ಫಲ ಕೆಟ್ಟಿತೆಂದು ತೀರ್ಮಾನವೇ ಕೆಟ್ಟದ್ದು ಅನ್ನಲಾಗದು.

ಎತ್ತರದ ಅನುಮಾನ ಸ್ಕೌಟ್‌ಗಳನ್ನು ದಾರಿ ತಪ್ಪಿಸಿದ ಉದಾಹರಣೆಯೂ ಇದೆ. ಜೇಲನ್ ಬ್ರನ್ಸನ್ ವಿಲನೋವಾ ವಿಶ್ವವಿದ್ಯಾಲಯದ, 2016 ಮತ್ತು 2018ರ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡಗಳಲ್ಲಿದ್ದವನು, 2018ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರ. ಆರಡಿ ಎರಡಂಗುಲ, ಹಾರುವುದು ಅಷ್ಟಕ್ಕಷ್ಟೆ, ಓಟವೂ ಸಾಧಾರಣ ಎಂದು 32 ಹೆಸರು ಕರೆದ ಮೇಲೆ 33ನೆಯವನಾಗಿ ತೆಗೆದುಕೊಂಡರು. 2022ರಲ್ಲಿ ನ್ಯೂಯಾರ್ಕ್ ನಿಕ್ಸ್ ಅವನಿಗೆ ನಾಲ್ಕು ವರ್ಷಕ್ಕೆ 10 ಕೋಟಿ 40 ಲಕ್ಷ ಡಾಲರ್ ಕೊಟ್ಟಿತು, ಆ ಬೆಲೆಯೂ ಕಡಿಮೆಯಾಯಿತೆಂದು ಆಮೇಲೆ ಜನ ಹೇಳಿದರು. ಅವನ ಗುಣ ಮುಚ್ಚಿಟ್ಟದ್ದೇನಾಗಿರಲಿಲ್ಲ. ಎರಡೂ ಪಾದ ಊರಿ ನಿಲ್ಲುವುದು, ಒಂದು ಪಾದ ಊರಿಕೊಂಡೇ ಸುತ್ತುವುದು, ಭುಜ ಕೊಟ್ಟು ಜಾಗ ಮಾಡಿಕೊಳ್ಳುವುದನ್ನು ವಿಲನೋವಾದ ಕೋಚ್ ಜೇ ರೈಟ್ ತನ್ನ ಎಲ್ಲ ಗಾರ್ಡ್‌ಗಳಿಗೂ ಕಲಿಸುತ್ತಿದ್ದ, ಬ್ರನ್ಸನ್ ಅದನ್ನು ಪ್ರತಿ ಪಂದ್ಯದಲ್ಲೂ ಮಾಡಿ ತೋರಿಸುತ್ತಿದ್ದ. ನೆಗೆತ ಅಳೆಯುವವರು ಪಾದದ ಕೆಲಸವನ್ನು ಎಲ್ಲಿ ಬರೆದುಕೊಳ್ಳಬೇಕೆಂದು ತಿಳಿಯದೆ ಬಿಟ್ಟರು ಅನ್ನಿಸುತ್ತದೆ. ಐದಡಿ ಒಂಬತ್ತಂಗುಲದ ಐಸಯ್ಯಾ ಥಾಮಸ್ 2011ರ ಡ್ರಾಫ್ಟ್‌ನಲ್ಲಿ 60ನೆಯವನು, ಅಂದರೆ ಕಟ್ಟಕಡೆಯವನು. 2016–17ರಲ್ಲಿ ಬೋಸ್ಟನ್‌ಗಾಗಿ ಪಂದ್ಯಕ್ಕೆ ಸರಾಸರಿ 28.9 ಪಾಯಿಂಟ್ ಹೊಡೆದ. ಸೊಂಟದ ಗಾಯ ಆಮೇಲೆ ಅವನನ್ನು ಹಣ್ಣು ಮಾಡಿತು. ಆ ಎತ್ತರದವನಿಗೆ ವೇಗವೊಂದು ಕೊಂಚ ತಗ್ಗಿದರೂ ಉಳಿದದ್ದಕ್ಕೆ ಆಸರೆ ಇರುವುದಿಲ್ಲ.

ನೋವೆಲ್ ವಿಷಯದಲ್ಲಿ ಸ್ಕೌಟ್‌ಗಳನ್ನು ದಡ್ಡರೆಂದು ನಾನು ಕರೆಯಲಾರೆ. ಟೊರಾಂಟೊ ರ‍್ಯಾಪ್ಟರ್ಸ್ ಆತನಿಗೆ ಮುಖ್ಯ ತಂಡಕ್ಕೂ ಅದರ ಕಿರಿಯ ತಂಡಕ್ಕೂ ಸಲ್ಲುವ ಒಪ್ಪಂದ ಕೊಟ್ಟಿತು. ಆಡಿದ್ದು ಬಹುಪಾಲು ಮಿಸಿಸಾಗಾದ ಕಿರಿಯ ತಂಡದಲ್ಲಿ. ಎರಡನೆಯ ಸುತ್ತಿನ ಒಂದು ಆಯ್ಕೆಯನ್ನು ಆತನ ಮೇಲೆ ಹಾಕಿದ್ದರೂ ಯಾರ ಗಂಟೂ ಹೋಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ, ಅಷ್ಟೆ.

ನನ್ನ ವೃತ್ತಿಯಲ್ಲಿ ಒಂದು ತಳಿ ಒಂದು ಹೊಲದಲ್ಲಿ ಒಂದು ಹಂಗಾಮು ಚೆನ್ನಾಗಿ ಬಂದರೆ ಯಾರೂ ಕುಣಿಯುವುದಿಲ್ಲ. ಹಲವು ಊರು, ಹಲವು ಮಣ್ಣು, ಹಲವು ವರ್ಷ ಬಿತ್ತಿ ನೋಡುತ್ತೇವೆ. ಧಾರವಾಡದ ಎರೆಮಣ್ಣಿನಲ್ಲಿ ಮೇಲೆನಿಸಿದ್ದು ಬೇರೆ ಕಡೆ ಮಲಗಿಬಿಡಬಹುದು, ಅಲ್ಲಿ ಸೋತದ್ದು ಇಲ್ಲಿ ನಿಲ್ಲಬಹುದು. ಕಾಲೇಜಿನ ಅಂಗಣ ಒಂದು ಹೊಲ, ಎನ್‌ಬಿಎ ಇನ್ನೊಂದು. ತಮ್ಮನ ಮಗಳು ಆಡುವುದು ಮೂರನೆಯದು. ಶಿಬಿರದವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ. ಅವಳು ಆಡುವ ಪಂದ್ಯಗಳಲ್ಲಿ ಏಳಡಿಯವರಿಲ್ಲ. ಸ್ಕ್ರೀನ್ ಮೇಲೆ ಸ್ಕ್ರೀನ್ ಹಾಕಿಸಿ ಗಿಡ್ಡವಳನ್ನು ಹುಡುಕಿ ಹೊಡೆಯುವ ತಂಡಗಳೂ ಕಡಿಮೆ. ಅಲ್ಲಿ ಹೆಚ್ಚಿನ ಪಂದ್ಯ ಸೋಲುವುದು ಎದುರಾಳಿ ಮೈಮೇಲೆ ಬಿದ್ದಾಗ ಚೆಂಡನ್ನು ಅರ್ಧ ಗೆರೆ ದಾಟಿಸಲಾಗದೆ. ಅದನ್ನು ದಾಟಿಸಬಲ್ಲವಳನ್ನು ಊಟಕ್ಕೆ ಮೊದಲೇ ಮನೆಗೆ ಕಳಿಸಿದರೆ, ದಾಟಿಸುವವರಾರು?

ಅವಳಿಗೆ ಹೇಳಿದ್ದಿಷ್ಟು. ಪಂದ್ಯಗಳನ್ನು ಗ್ಯಾಲರಿಯ ಮೇಲಿನಿಂದ ವಿಡಿಯೋ ಮಾಡಿಸು, ಪಾಯಿಂಟ್ ಎಷ್ಟು ಹೊಡೆದೆ ಎಂದು ನನಗೆ ಹೇಳಬೇಡ. ಇಬ್ಬರು ಸುತ್ತುವರಿದಾಗ ಏನು ಮಾಡಿದೆ, ಕಳೆದುಕೊಂಡ ಚೆಂಡು ಗೆರೆಯಾಚೆ ಹೋಯಿತೋ ಎದುರಾಳಿಯ ಕೈಗೆ ಹೋಯಿತೋ, ನಿನ್ನ ಪಾಸಿನಿಂದ ಎಷ್ಟು ಎಸೆತ ಆದವು, ಎಡಗೈಯಿಂದ ಎಷ್ಟು ಕೊಟ್ಟೆ, ಇವನ್ನು ಬರೆದಿಡು. ಅವಳು ಕಳಿಸಿದ ಮೊದಲ ವಿಡಿಯೋದಲ್ಲಿ ಚೆಂಡು ಕಸಿಸಿಕೊಂಡದ್ದು ಇಲ್ಲವೆನ್ನುವಷ್ಟು ಕಡಿಮೆ. ಎಡಗೈ ಪಾಸ್ ಮಾತ್ರ ಒಂದೂ ಇರಲಿಲ್ಲ.

“ಎಡಗೈಲೆ ಕೊಟ್ರ ಎಲ್ಲೆರ ಹೋಗ್ತದ ಅತ್ತಿ,” ಎಂದಳು.

“ಹೋಗ್ಲಿ ಬಿಡು. ಈಗ ಹೋದ್ರ ಪ್ರಾಕ್ಟೀಸ್‌ನಾಗ ಹೋಗ್ತದ,” ಎಂದೆ. ಮುಂದಿನ ವಿಡಿಯೋಕ್ಕೆ ಕಾಯುತ್ತಿದ್ದೇನೆ.